ಬೇಡ ಎನ್ನುವ ಸದನ

ಹಾಸನದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರ ಪತ್ರ: ‘ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದವನ್ನು ಅಮೆರಿಕದ ಸೆನೆಟ್ ತಿರಸ್ಕರಿಸಿತು. ಶಾಂತಿಯನ್ನೂ ಬೇಡ ಎನ್ನುವ ಜನಪ್ರತಿನಿಧಿಗಳಿರುತ್ತಾರೆಯೇ?’

ಮೇಷ್ಟ್ರೇ, ಆ ಒಪ್ಪಂದದಲ್ಲೇ ಹುಟ್ಟಿದ ರಾಷ್ಟ್ರಸಂಘ ಅಮೆರಿಕ ಸೇರದೆ ಸೊರಗಿತು, ಒಪ್ಪುತ್ತೇನೆ. ಆದರೆ ಅಮೆರಿಕದ ಆಗಿನ ಅಧ್ಯಕ್ಷ ವಿಲ್ಸನ್ ಶಾಂತಿದೂತರೆಂದು ವರ್ಷಗಟ್ಟಲೆ ಪಾಠ ಹೇಳಿದ ಗುಂಗಿನಲ್ಲಿ ನೀವು ಸೆನೆಟ್ಟಿನ ಅಹವಾಲು ಕೇಳಿಸಿಕೊಂಡಂತಿಲ್ಲ.

ಅಲ್ಲಿ ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡರಷ್ಟು ಮತ ಬೇಕು. ಗೊತ್ತಿದ್ದೂ ವಿಲ್ಸನ್ ಪ್ಯಾರಿಸ್ಸಿನ ಶಾಂತಿ ಸಮ್ಮೇಳನಕ್ಕೆ ಒಬ್ಬ ಸೆನೆಟರನ್ನೂ ಕರೆದೊಯ್ಯಲಿಲ್ಲ. ಮಾತುಕತೆಗೆ ಸೋದರಮಾವನನ್ನು ಕರೆಯದೆ, ಧಾರೆಯ ದಿನ ಬಂದು ನಿಲ್ಲು ಅಂದ ಹಾಗೆ! 1919ರ ಜುಲೈ 10ರಂದು ಒಪ್ಪಂದವನ್ನು ತಾವೇ ಹಿಡಿದು ಸದನಕ್ಕೆ ಬಂದರು. ವಿದೇಶಾಂಗ ಸಮಿತಿಯ ಅಧ್ಯಕ್ಷ ಹೆನ್ರಿ ಕ್ಯಾಬಟ್ ಲಾಡ್ಜ್ ಅದರ 440 ವಿಧಿಗಳನ್ನೂ ಗಟ್ಟಿಯಾಗಿ ಓದಲು ಕೂತರು. ಎರಡು ವಾರ! ಕೇಳುವವರು ಎದ್ದು ಹೋದರೂ ಓದು ನಿಲ್ಲಲಿಲ್ಲವಂತೆ. ಲಾಡ್ಜ್‌ಗೆ ವಿಲ್ಸನ್ ಕಂಡರಾಗದು, ಇದು ಕಾಲ ತಳ್ಳುವ ಉಪಾಯ ಅನ್ನುತ್ತೀರಿ. ಇರಲಿ, ಓದಿದರಲ್ಲ.

ತಕರಾರು ಹತ್ತನೇ ವಿಧಿಯದು. ಸದಸ್ಯ ರಾಷ್ಟ್ರದ ಮೇಲೆ ಯಾರಾದರೂ ಏರಿಬಂದರೆ ಉಳಿದವರು ಕಾಯಬೇಕು. ಹಾಗಾದರೆ ನಮ್ಮ ಹುಡುಗರನ್ನು ರಣರಂಗಕ್ಕೆ ಕಳಿಸುವ ತೀರ್ಮಾನ ನಮ್ಮ ಸಂಸತ್ತಾದ ಕಾಂಗ್ರೆಸ್ಸಿನದೋ, ಜಿನೀವಾದಲ್ಲಿ ಕೂರುವ ರಾಷ್ಟ್ರಸಂಘದ್ದೋ ಎಂದರು ಸೆನೆಟರುಗಳು. ಕೇಳಬಾರದ ಪ್ರಶ್ನೆಯೇ ಇದು? ಲಾಡ್ಜ್ 14 ಷರತ್ತು ಹಾಕಿದರು. ಪಾರ್ಶ್ವವಾಯು ಬಡಿದು ಮಲಗಿದ್ದ ವಿಲ್ಸನ್, ಒಪ್ಪಬೇಡಿ ಎಂದು ತಮ್ಮ ಪಕ್ಷಕ್ಕೆ ಹೇಳಿ ಕಳಿಸಿದರು. 1920ರ ಮಾರ್ಚ್ 19ರಂದು ಷರತ್ತುಗಳ ಸಮೇತ ಒಪ್ಪಲು 49 ಮತ, ವಿರುದ್ಧ 35. ಏಳು ಕಡಿಮೆ ಬಿತ್ತು. ಆ 35ರಲ್ಲಿ 23 ಮಂದಿ ವಿಲ್ಸನ್ ಪಕ್ಷದವರೇ! ಈಗ ಹೇಳಿ, ಮಗುವಿನ ಕತ್ತು ಹಿಸುಕಿದವರು ಯಾರು?

ಅದೇ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಸಹಿ ಹಾಕಿದವರು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾ ಸಿಂಗ್. ಆ ಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾದಲ್ಲಿ ಕುದುರೆ ನುಗ್ಗಿಸಿದ ಮೈಸೂರು ಲ್ಯಾನ್ಸರ್ಸ್ ಸವಾರರ ಮನೆಯವರನ್ನು ಯಾರು ಕೇಳಿದರು? ಬ್ರಿಟಿಷರ ಕಾಲ, ಬಿಡಿ. ಈಗಲೂ ನಮ್ಮಲ್ಲಿ ಸಹಿ ಹಾಕುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆಯಿಲ್ಲ. ಗ್ಯಾಟ್ ಎಂಬ ಜಾಗತಿಕ ವ್ಯಾಪಾರ ಒಪ್ಪಂದ ಬೇಡವೆಂದು ಹಸಿರು ಶಾಲಿನ ನಮ್ಮ ರೈತರು ಬೀದಿಯಲ್ಲಿ ಕೂಗಿದರು. 1994ರಲ್ಲಿ ಮೊರಾಕೊದ ಮರಕ್ಕೇಶ್‌ನಲ್ಲಿ ಸಹಿ ಬಿತ್ತು.

ಇನ್ನು ಸದನಕ್ಕೆ ಬಂದದ್ದರ ಗತಿಯೋ? ವರದಿಗಾರನಾಗಿದ್ದಾಗ ಒಂದು ಸದನದ ಗ್ಯಾಲರಿಯಲ್ಲಿ ಕೂತಿದ್ದೆ. ಗದ್ದಲದ ನಡುವೆ ಧ್ವನಿಮತದಲ್ಲಿ ಮಸೂದೆ ಪಾಸಾಯಿತು. ಮುಂದಿನ ಸಾಲಿನ ಸದಸ್ಯರೊಬ್ಬರು ಅದರ ಪ್ರತಿಯನ್ನು ಮಡಿಚಿ ಗಾಳಿ ಹಾಕಿಕೊಳ್ಳುತ್ತಿದ್ದರು.