ಕುಷ್ಟಗಿ ಕಡೆ ಇಳಿಜಾರು ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಕೆಳಗೆ ಬದು ಹಾಕಿದ್ದರೂ ಮಣ್ಣು ಯಾಕೆ ಕೊಚ್ಚಿ ಹೋಗುತ್ತದೆ?

ಬದು ಕೆಳಗಿನ ಅಂಚಿನಲ್ಲಿ ಮಾತ್ರ ಇದ್ದರೆ ಹಾಗೇ ಆಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ನೀರಿಗೆ ಓಟ ಬಂದಿರುತ್ತದೆ. ವೇಗ 2 ಪಟ್ಟಾದರೆ ಮಣ್ಣು ಕೊರೆಯುವ ಬಲ ಸುಮಾರು 4 ಪಟ್ಟಾಗುತ್ತದೆ. ಹಾಗಾಗಿ ಮೇಲಿಂದಲೇ ಆ ಓಟ ಮುರಿಯಬೇಕು.

ಉಳುಮೆ, ಬಿತ್ತನೆ ಎರಡೂ ಇಳಿಜಾರಿಗೆ ಅಡ್ಡ ಇರಲಿ. ಕೂರಿಗೆಯ ಪ್ರತಿ ಸಾಲೂ ಸಣ್ಣ ಒಡ್ಡಾಗಿ ನೀರು ಇಂಗಿಸುತ್ತದೆ. ಸಜ್ಜೆ ನಡುವೆ ತೊಗರಿ ಅಕ್ಕಡಿ (ಮಧ್ಯೆ ಮಧ್ಯೆ ಸಾಲು) ಹಾಕಿ. ಸಜ್ಜೆ ಕೊಯ್ದ ಮೇಲೂ ತೊಗರಿ ನೆಲ ಹಿಡಿದಿರುತ್ತದೆ. ಸೆಪ್ಟೆಂಬರ್‌ನ ಜೋರು ಮಳೆ ಬೀಳೋದು ಹೆಚ್ಚುಕಮ್ಮಿ ಆಗಲೇ ಅಲ್ವಾ?

ನಡುವೆ ಇನ್ನೊಂದೆರಡು ಬದು ಹಾಕಿ, ಮೇಲೆ ಮೇವಿನ ಹುಲ್ಲು ಬೆಳೆಸಿ. ಬೇರು ಬದು ಹಿಡಿಯುತ್ತದೆ, ಹುಲ್ಲು ಕುರಿಗಾಗುತ್ತದೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಹೆಚ್ಚಾದ ನೀರು ಹೋಗಲು ಪ್ರತಿ ಬದುವಿಗೂ ಕಲ್ಲು ಜೋಡಿಸಿದ ಕೋಡಿ ಬಿಡಿ. ಸುಮ್ನೆ ಮುಚ್ಚಿದ ಬದು ದೊಡ್ಡ ಮಳೆಗೆ ಒಡೆಯುತ್ತದೆ.