ಗಿಟಾರ್ ಪೆಡಲ್ ಕೀಬೋರ್ಡಿಗೆ ಹಾಕಬಹುದಾ?

ಪ್ರಶ್ನೆ: ಸರ್, ನಾನು ಗಂಗಾವತಿ ಕಡೆಯವನು. ಮದುವೆ, ಜಾತ್ರೆಗಳ ರಸಮಂಜರಿಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನಮ್ಮ ತಂಡದ ಗಿಟಾರ್ ಹುಡುಗ ಬೆಂಗಳೂರಿಗೆ ಹೋಗುವಾಗ ತನ್ನ ಕೋರಸ್ ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಿಸುವ ಡಬ್ಬಿ) ನನಗೆ ಕೊಟ್ಟು ಹೋದ. ಕೀಬೋರ್ಡಿಗೆ ಹಾಕಿದರೆ ದನಿ ತುಂಬಿಕೊಂಡು ಬರುತ್ತದೆ. ಆದರೆ ಎರಡೂ ಕೈ ಸೇರಿಸಿ ನುಡಿಸಿದರೆ ಬರ್ರ್ ಅಂತ ಒಡೆಯುತ್ತದೆ. ಪೆಡಲ್ ಸುಟ್ಟು ಹೋಗುತ್ತದೆ ಅಂತ ಗೆಳೆಯರು ಹೆದರಿಸುತ್ತಾರೆ. ಹಾಕಬಹುದಾ, ಬಿಡಬೇಕಾ?

ಉತ್ತರ: ಧಾರಾಳವಾಗಿ ಹಾಕಿ. ಕೀಬೋರ್ಡಿನ ಔಟ್‌ಪುಟ್‌ನಿಂದ ಪೆಡಲ್ ಸುಡುವುದಿಲ್ಲ. ಸುಡುವುದು ಆಂಪ್ಲಿಫೈಯರ್‌ನ ಸ್ಪೀಕರ್ ಔಟ್‌ನಿಂದ ತಂದು ಚುಚ್ಚಿದಾಗ. ಆ ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ.

ದನಿ ಒಡೆಯುವ ಕಾರಣ ಸರಳ. ಗಿಟಾರಿನ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್‌ನಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ ಒಂದು ವೋಲ್ಟ್‌ಗೂ ಕಡಿಮೆ. ಪೆಡಲ್ ಮಾಡಿರುವುದು ಅದಕ್ಕೆ ತಕ್ಕಂತೆ. ಕೀಬೋರ್ಡ್ ಕೊಡುವುದು ಲೈನ್ ಮಟ್ಟದ ಸಿಗ್ನಲ್. ಸ್ಟುಡಿಯೋ ಸಲಕರಣೆಗಳಲ್ಲಿ ಲೈನ್ ಮಟ್ಟ ಅಂದರೆ ಸುಮಾರು 1.23 ವೋಲ್ಟ್. ಅದರ ಮೇಲೆ ನೀವು ಆರೇಳು ಸ್ವರ ಒಟ್ಟಿಗೆ ಒತ್ತಿದರೆ ಇನ್ನೂ ಏರುತ್ತದೆ. 9 ವೋಲ್ಟ್‌ನಲ್ಲಿ ನಡೆಯುವ ಪೆಡಲ್ ಒಳಗೆ ಅಷ್ಟಕ್ಕೆ ಜಾಗ ಇರುವುದಿಲ್ಲ. ಇಂಪಿಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ) ಹೊಂದುವುದಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಕಡಿಮೆ ಇಂಪಿಡೆನ್ಸ್‌ನ ಔಟ್‌ಪುಟ್ ಜಾಸ್ತಿ ಇಂಪಿಡೆನ್ಸ್‌ನ ಇನ್‌ಪುಟ್‌ಗೆ ಹೋದರೆ ತೊಂದರೆಯೇ ಇಲ್ಲ.

ಹಾಗಾಗಿ ಕೀಬೋರ್ಡ್ ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ ಇಳಿಸಿ ಶುರು ಮಾಡಿ. ನಿಮ್ಮ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಜೋರಾದ ದನಿ ಯಾವುದು? ಹೆಚ್ಚಾಗಿ ಬ್ರಾಸ್ ಇರುತ್ತದೆ. ಅದನ್ನು ಇಟ್ಟು ಎರಡೂ ಕೈಯಲ್ಲಿ ದೊಡ್ಡ ಕಾರ್ಡ್ ಒತ್ತಿ. ಒಡೆಯುವವರೆಗೆ ವಾಲ್ಯೂಮ್ ಏರಿಸುತ್ತಾ ಹೋಗಿ, ಒಡೆದ ಕೂಡಲೇ ಸ್ವಲ್ಪ ಹಿಂದಕ್ಕೆ ಬನ್ನಿ. ಅಲ್ಲೊಂದು ಸ್ಕೆಚ್ ಪೆನ್ ಗುರುತು ಹಾಕಿಬಿಡಿ. ಕಡಿಮೆಯಾದ ಸದ್ದನ್ನು ಮಿಕ್ಸರ್‌ನ ಗೇನ್‌ನಲ್ಲಿ ತುಂಬಿಕೊಳ್ಳಿ. ವಾಲ್ಯೂಮ್ ತೀರಾ ಇಳಿಸಿದರೆ ಪೆಡಲ್‌ನ ಸುಸ್ಸ್ ಅನ್ನುವ ಸದ್ದು ಮೇಲೆ ಬರುತ್ತದೆ, ಅದಕ್ಕೇ ಈ ಗುರುತು.

ಕೇಬಲ್ ವಿಷಯದಲ್ಲೂ ಒಂದು ಎಚ್ಚರ. ನಿಮ್ಮ ಕೀಬೋರ್ಡಿಗೆ ಬೇರೆ ಔಟ್‌ಪುಟ್ ಇಲ್ಲದೆ ಹೆಡ್‌ಫೋನ್ ತೂತು ಮಾತ್ರ ಇದ್ದರೆ ಅದು ಸ್ಟೀರಿಯೋ. ಅದಕ್ಕೆ ಮೋನೋ ಪಿನ್ ಚುಚ್ಚಿದರೆ ಬಲಗಡೆಯ ದನಿ ಶಾರ್ಟ್ ಆಗುತ್ತದೆ. ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್ ಇರುವ ಕೇಬಲ್ ತಂದು, ಎಡದ್ದನ್ನು ಪೆಡಲ್‌ಗೆ ಹಾಕಿ.

ಇನ್ನು ಯಾವ ದನಿಗೆ ಹಾಕಬೇಕು ಅನ್ನುವುದು. ನನ್ನ ಪ್ರಕಾರ ಮುಖ್ಯ ವಿಷಯ ಇದೇ. ನಾಟಕದ ಪೆಟ್ಟಿಗೆ ಮಾಸ್ತರರ ಹಾರ್ಮೋನಿಯಂನಲ್ಲಿ ಒಂದೇ ಸ್ವರಕ್ಕೆ ಎರಡು ರೀಡ್ ಇದ್ದು, ಅವುಗಳ ಶ್ರುತಿಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೆ ದನಿ ಅಲೆಅಲೆಯಾಗಿ ತುಂಬಿ ಬರುತ್ತದಲ್ವಾ? ಕೋರಸ್ ಮಾಡುವುದೂ ಅದೇ. ನಿಮ್ಮ ದನಿಯ ಒಂದು ಪ್ರತಿಯನ್ನು ಕೆಲವು ಮಿಲಿಸೆಕೆಂಡ್ ತಡ ಮಾಡುತ್ತದೆ. ಆ ತಡವನ್ನು ನಿಧಾನಕ್ಕೆ ಹೆಚ್ಚುಕಡಿಮೆ ಮಾಡುತ್ತಾ ಮೂಲ ದನಿಗೆ ಬೆರೆಸುತ್ತದೆ. ತಡ ಬದಲಾಗುವಾಗ ಪ್ರತಿಯ ಶ್ರುತಿ ಚೂರು ಮೇಲೆ ಕೆಳಗೆ ಆಡುತ್ತದೆ.

ಅಂದಮೇಲೆ ತೆಳ್ಳಗಿನ ದನಿಗೆ ಇದು ವರ, ಈಗಾಗಲೇ ದಪ್ಪ ಇರುವ ದನಿಗೆ ಸುಮ್ನೆ ಭಾರ. ರೋಲ್ಯಾಂಡ್ ಕಂಪನಿಯ ಜೂನೋ-60 ಸಿಂಥ್ ಕೀಬೋರ್ಡ್ 1982ರದು. ಅದರಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್, ಅಂದರೆ ದನಿ ಹುಟ್ಟಿಸುವ ಭಾಗ. ಆ ಕೊರತೆ ಮುಚ್ಚಲು ಒಳಗೇ ಕೋರಸ್ ಇಟ್ಟರು. ಇವತ್ತಿಗೂ ಜನ ಅದನ್ನು ಹುಡುಕುವುದು ಆ ಕೋರಸ್‌ಗಾಗಿ. ನಿಮ್ಮ ಕೈಗೆ ಬಂದ ಪೆಡಲ್‌ನ ಅಜ್ಜನೂ ಅದೇ ಮನೆತನದ್ದು. 1975ರ ಜೆಸಿ-120 ಆಂಪ್ಲಿಫೈಯರ್‌ನ ಕೋರಸ್ಸನ್ನೇ ಬೇರೆ ಡಬ್ಬಿಗೆ ಹಾಕಿ 1976ರಲ್ಲಿ ಬಾಸ್ ಅನ್ನುವ ಹೆಸರಲ್ಲಿ ಸಿಇ-1 ಪೆಡಲ್ ತಂದರು. ಅದರ ಇನ್‌ಪುಟ್‌ಗೆ ಲೆವೆಲ್ ನಾಬ್ ಇತ್ತು, ಮಿತಿ ಮೀರಿದರೆ ಹತ್ತುವ ದೀಪವೂ ಇತ್ತು. ಆಮೇಲಿನ ಚಿಕ್ಕ ಪೆಡಲ್‌ಗಳಲ್ಲಿ ಅವು ಹೋದವು. ನಿಮ್ಮ ತಲೆನೋವು ಅಲ್ಲಿಂದ ಬಂದದ್ದು.

ಸ್ಟ್ರಿಂಗ್ಸ್, ಪ್ಯಾಡ್, ಆರ್ಗನ್, ಎಲೆಕ್ಟ್ರಿಕ್ ಪಿಯಾನೋಗೆ ಹಾಕಿ. ರೇಟ್ ನಾಬ್ (ಅಲೆಯ ವೇಗ) ಕಾಲು ಭಾಗಕ್ಕಿಂತ ಮೇಲೆ ಬೇಡ, ಡೆಪ್ತ್ (ಅಲೆಯ ಆಳ) ಅರ್ಧ ಸಾಕು. ಗಾಯಕರ ಹಿಂದೆ ಕೊಳಲು, ಶಹನಾಯಿ ದನಿಯಲ್ಲಿ ಹಾಡಿನ ಸಾಲು ನುಡಿಸುವಾಗ ಮಾತ್ರ ಪೆಡಲ್ ಆಫ್ ಮಾಡಿ. ಶ್ರುತಿ ಅಲುಗಾಡಿದರೆ ಹಾಡುವವರು ನಿಮ್ಮ ಕಡೆ ತಿರುಗಿ ನೋಡುತ್ತಾರೆ! ಎಡಗೈ ಬೇಸ್‌ಗೂ ಬೇಡ, ಕೆಳಗಿನ ಸ್ವರಗಳು ಸಡಿಲವಾಗುತ್ತವೆ.

ಕೀಬೋರ್ಡಿನ ರಿದಮ್ ಹಾಕಿಕೊಂಡು ನುಡಿಸುತ್ತೀರಾ? ಹಾಗಿದ್ದರೆ ತಬಲಾ, ಢೋಲಕ್, ತಾಳ ಎಲ್ಲವೂ ಅದೇ ಪಿನ್‌ನಿಂದ ಪೆಡಲ್‌ಗೆ ಹೋಗಿ ನೀರಲ್ಲಿ ಮುಳುಗಿದ ಹಾಗೆ ಕೇಳುತ್ತವೆ. ತಂಡದಲ್ಲಿ ರಿದಮ್ ಪ್ಯಾಡ್ ನುಡಿಸುವವರು ಇದ್ದರೆ ತಾಳ ಅವರಿಗೇ ಬಿಡಿ. ಇಲ್ಲದಿದ್ದರೆ ರಿದಮ್ ಇರುವ ಹಾಡುಗಳಿಗೆ ಪೆಡಲ್ ಬೇಡ.

ಪೆಡಲ್‌ಗೆ ಎರಡು ಔಟ್‌ಪುಟ್ ಇದ್ದರೆ ಎರಡನ್ನೂ ಹಾಕುವ ಆಸೆ ಆಗುತ್ತದೆ. ನಮ್ಮ ಕಡೆ ಜಾತ್ರೆ ಮೈಕ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಬದಿಗೆ ಒಂದೇ ದನಿ ಹೋಗುತ್ತದೆ. ಕೆಲವು ಪೆಡಲ್‌ಗಳು ಎರಡನೇ ಔಟ್‌ಪುಟ್‌ಗೆ ಕೋರಸ್ಸನ್ನು ಉಲ್ಟಾ ಮಾಡಿ ಕಳಿಸುತ್ತವೆ. ಎರಡೂ ಮಿಕ್ಸರ್‌ನಲ್ಲಿ ಒಂದಾದರೆ ಕೋರಸ್ ಒಂದನ್ನೊಂದು ಹೊಡೆದುಹಾಕಿ ಬರೀ ಮೂಲ ದನಿ ಉಳಿಯುತ್ತದೆ. ಮೋನೋ ಅಂತ ಬರೆದಿರುವ ಒಂದೇ ಔಟ್‌ಪುಟ್ ಸಾಕು.

ಪ್ರಶ್ನೆ: ನಮ್ಮದು ಸಿಂಧನೂರು. ನನ್ನ ಕೀಬೋರ್ಡಿನ ಒಳಗೇ ಕೋರಸ್ ಇದೆ. ಆದರೂ ಪೆಡಲ್ ತಗೊಳ್ಳಬೇಕಾ?

ಉತ್ತರ: ಬೇಡ. ಒಳಗಿನದೇ ಬಹಳ ಕಡೆ ಅನುಕೂಲ. ಅದನ್ನು ಒಂದು ದನಿಗೆ ಹಾಕಿ, ತಾಳಕ್ಕೆ ಹಾಕದೇ ಇರುವ ವ್ಯವಸ್ಥೆ ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಇರುತ್ತದೆ. ಪೆಡಲ್‌ನ ಲಾಭ ಅಂದರೆ, ಎರಡೂ ಕೈ ಕೆಲಸದಲ್ಲಿರುವಾಗ ಕಾಲಲ್ಲಿ ಆನ್-ಆಫ್ ಮಾಡಬಹುದು. ಅನಲಾಗ್ ಪೆಡಲ್ ಆದರೆ ಮೇಲಿನ ಚುರುಕು ಸ್ವಲ್ಪ ತಗ್ಗಿ ದನಿ ಮೆತ್ತಗಾಗುತ್ತದೆ. ಅದು ಇಷ್ಟ ಆದರೆ ಯಾರದ್ದಾದರೂ ಪೆಡಲ್ ಒಂದು ದಿನ ಕೇಳಿ ತಂದು ನೋಡಿ. ಆಗ ಒಳಗಿನ ಕೋರಸ್ ಆಫ್ ಮಾಡುವುದು ಮರೆಯಬೇಡಿ. ಎರಡೂ ಸೇರಿದರೆ ಕಲಸುಮೇಲೋಗರ.

ಪ್ರಶ್ನೆ: ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಪೆಡಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಳ್ಳಿಗಳಲ್ಲಿ ಜನರೇಟರ್ ಮೇಲೆ ಕಾರ್ಯಕ್ರಮ ಇದ್ದಾಗ ಗುಂಯ್ ಅನ್ನುತ್ತದೆ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಹೋಗುತ್ತದೆ ಅಂತಾರೆ, ನಿಜವಾ?

ಉತ್ತರ: ಗುಂಯ್ ಹೋಗಬಹುದು, ಜೀವವೂ ಹೋಗಬಹುದು. ಮುರಿಯಬೇಡಿ, ಮುರಿಯಲು ಬಿಡಬೇಡಿ.

ಮೊದಲು ಪೆಡಲ್‌ಗೆ ಅಡಾಪ್ಟರ್ ತೆಗೆದು ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ಸದ್ದು ನಿಂತರೆ ತೊಂದರೆ ಅಡಾಪ್ಟರ್ ಕಡೆಯದು. ಹೊಸ ಅಡಾಪ್ಟರ್ ತರುವಾಗ ಪೆಡಲ್ ಮೇಲಿನ ಚಿತ್ರ ನೋಡಿ ತನ್ನಿ. ಗಿಟಾರ್ ಪೆಡಲ್‌ಗಳಿಗೆ ಹೆಚ್ಚಾಗಿ ನಡುವಿನ ತುದಿ ನೆಗೆಟಿವ್ ಇರಬೇಕು. ಅಂಗಡಿಯಲ್ಲಿ ಕೈಗೆ ಸಿಗುವ ಸಾದಾ ಅಡಾಪ್ಟರ್‌ಗಳಲ್ಲಿ ಎಷ್ಟೋ ಉಲ್ಟಾ ಇರುತ್ತವೆ. ಬ್ಯಾಟರಿ ಹಾಕಿದರೂ ಸದ್ದು ಇದ್ದರೆ, ಕೀಬೋರ್ಡ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತಗೊಳ್ಳಿ. ಅದಕ್ಕೂ ಬಗ್ಗದಿದ್ದರೆ ಪೆಡಲ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲ್ ಅನ್ನು ಮಿಕ್ಸರ್‌ಗೆ ತಕ್ಕಂತೆ ಮಾಡಿ ಕಳಿಸುವ ಚಿಕ್ಕ ಡಬ್ಬಿ) ಇಟ್ಟು, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅರ್ಥ್ ಪಿನ್ ಮುರಿಯುವವರು ಹುಡುಕುತ್ತಿರುವುದು ಈ ಸ್ವಿಚ್ಚನ್ನೇ. ಇದು ಬಿಡಿಸುವುದು ಸಿಗ್ನಲ್ ಕೇಬಲ್‌ನ ಗ್ರೌಂಡನ್ನು ಮಾತ್ರ, ಕರೆಂಟಿನ ಅರ್ಥ್ ಹಾಗೆಯೇ ಇರುತ್ತದೆ.