ಪೆಡಲ್ ನಡುಗಿದರೆ ಕಾಲು ತೆಗೆಯಬೇಡಿ

ನಮಸ್ಕಾರ. ಸ್ವೀಡನ್ನಿಗೆ ಬಂದು ಇದು ನಿಮ್ಮ ಮೊದಲ ಚಳಿಗಾಲವೆಂದೂ, ಉಮಿಯೊದಲ್ಲಿ ಹಳೆಯ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೀರೆಂದೂ ಬರೆದಿದ್ದೀರಿ. ಸಹೋದ್ಯೋಗಿಯ ಕಾರನ್ನು ಓಡಿಸುವಾಗ ಹಿಮದ ಮೇಲೆ ಬ್ರೇಕ್ ಒತ್ತಿದ ಕೂಡಲೇ ಪೆಡಲ್ ಗಡಗಡ ನಡುಗಿ, ನೀವು ಗಾಬರಿಯಿಂದ ಕಾಲು ತೆಗೆದಿರಂತೆ. ಬ್ರೇಕ್ ಕೆಟ್ಟಿತ್ತೇ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ನಿಂತುಹೋಗಿ ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಇಎಸ್‌ಪಿ (ತಿರುವಿನಲ್ಲಿ ಕಾರು ದಿಕ್ಕು ತಪ್ಪದಂತೆ ಹಿಡಿಯುವ ವ್ಯವಸ್ಥೆ) ಎರಡೂ ಇರುವ ಕಾರಿಗೆ ಚಳಿಗಾಲದ ಟೈರು ಬೇಕೇಬೇಕೇ, ಚಾಲನಾ ಪರವಾನಗಿಗಾಗಿ ತರಬೇತಿಗೆ ಹೋಗಬೇಕಾದ ಜಾರು ಅಂಗಳದಲ್ಲಿ ಏನು ಮಾಡಿಸುತ್ತಾರೆ ಎಂದು ಕೇಳಿದ್ದೀರಿ. ಮನೆ, ತೆರಿಗೆ, ಭಾಷೆಯ ವಿಚಾರವಾಗಿ ಹೇಳಲು ಹತ್ತು ಜನ ಸಿಗುತ್ತಾರೆ. ಇದನ್ನು ಮಾತ್ರ ಕುಳಿತು ಹೇಳುವವರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬ್ರೇಕ್ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಮಾಡುತ್ತಿತ್ತು, ನೀವು ಕಾಲು ತೆಗೆದದ್ದರಿಂದ ಅರ್ಧಕ್ಕೆ ನಿಂತಿತು. ಒಳಗೆ ಏನಾಗುತ್ತದೆ ಎಂಬುದು ಒಮ್ಮೆ ತಲೆಗೆ ಹತ್ತಿದರೆ ಮುಂದಿನ ಸಲ ಕಾಲು ತಾನಾಗಿಯೇ ಗಟ್ಟಿಯಾಗಿ ನಿಲ್ಲುತ್ತದೆ.

ರಸ್ತೆಯ ಮೇಲೆ ಉರುಳುತ್ತಿರುವ ಚಕ್ರಕ್ಕೆ ಮಾತ್ರ ದಿಕ್ಕು ಇರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ, ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತಲೇ ಇರುತ್ತದೆ. ಚಕ್ರ ರಸ್ತೆಯ ವೇಗಕ್ಕಿಂತ ತುಸು ನಿಧಾನವಾಗಿ, ಸುಮಾರು ಶೇಕಡ 10ರಿಂದ 20ರಷ್ಟು ಜಾರುತ್ತಾ ಉರುಳುವಾಗ ಟೈರಿನ ಹಿಡಿತ ಅತಿ ಹೆಚ್ಚು. ಎಬಿಎಸ್ ಹಿಡಿಯಲು ನೋಡುವುದು ಈ ಹದವನ್ನು. ಒಂದೊಂದು ಚಕ್ರದ ಬಳಿಯೂ ವೇಗ ಅಳೆಯುವ ಸಂವೇದಕವಿದೆ. ಯಾವುದೋ ಒಂದು ಚಕ್ರದ ವೇಗ ಥಟ್ಟನೆ ಕುಸಿದರೆ ಅದು ಲಾಕ್ ಆಗುತ್ತಿದೆ ಎಂದರ್ಥ. ಆಗ ಕವಾಟವೊಂದು ಆ ಚಕ್ರದ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಇಳಿಸುತ್ತದೆ. ಚಕ್ರ ಮತ್ತೆ ಉರುಳತೊಡಗಿದೊಡನೆ ಒತ್ತಡ ಏರುತ್ತದೆ. ಇಳಿಸು, ಹಿಡಿ, ಏರಿಸು ಎಂಬ ಈ ಆಟ ಸೆಕೆಂಡಿಗೆ ಹಲವಾರು ಸಲ ನಡೆಯುತ್ತದೆ. ಪಂಪು ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಏಟೇ ನಿಮ್ಮ ಪಾದಕ್ಕೆ ತಾಗಿದ ಆ ನಡುಕ, ಕಿವಿಗೆ ಬಿದ್ದ ಆ ಗರಗರ ಸದ್ದು.

ಆದ್ದರಿಂದ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವ ಹಳೆಯ ಪಾಠವನ್ನು ಈ ಕಾರುಗಳಲ್ಲಿ ಮರೆತುಬಿಡಿ. ನಿಮಗಿಂತ ಎಷ್ಟೋ ಪಟ್ಟು ವೇಗವಾಗಿ, ಅದೂ ಚಕ್ರಕ್ಕೊಂದರಂತೆ ಪ್ರತ್ಯೇಕವಾಗಿ, ಯಂತ್ರವೇ ಅದನ್ನು ಮಾಡುತ್ತಿದೆ. ತುರ್ತು ಬಂದಾಗ ಪೆಡಲನ್ನು ಬಲವಾಗಿ, ಕೊನೆಯ ತನಕ ಒತ್ತಿ. ಗೇರಿನ ಕಾರಾದರೆ ಕ್ಲಚ್ಚನ್ನೂ ಒತ್ತಿ. ಕಾರು ನಿಲ್ಲುವವರೆಗೆ ಕಾಲು ಸಡಿಲಿಸಬೇಡಿ. ತಪ್ಪಿಸಿಕೊಳ್ಳಬೇಕಾದ ದಾರಿಯ ಮೇಲೆ ಕಣ್ಣಿರಲಿ, ಢಿಕ್ಕಿಯಾಗಬಹುದಾದ ವಸ್ತುವಿನ ಮೇಲಲ್ಲ. ಕಣ್ಣು ಹೋದ ಕಡೆಗೇ ಕೈಯೂ ಹೋಗುತ್ತದೆ. ಬಹುಪಾಲು ಚಾಲಕರು ಗಾಬರಿಯಲ್ಲಿಯೂ ಸಾಕಷ್ಟು ಜೋರಾಗಿ ಒತ್ತುವುದಿಲ್ಲ. ಈ ಅಳುಕನ್ನು ಕಂಡೇ 1996ರಲ್ಲಿ ಬ್ರೇಕ್ ಅಸಿಸ್ಟ್ ಎಂಬುದು ಬಂತು. ಪಾದ ಪೆಡಲಿನ ಮೇಲೆ ಎರಗಿದ ರಭಸವನ್ನು ನೋಡಿಯೇ ಅದು ಉಳಿದ ಬಲವನ್ನು ತಾನು ಹಾಕುತ್ತದೆ.

ಎಬಿಎಸ್ ಇದ್ದರೆ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಒದ್ದೆ ಡಾಂಬರಿನ ಮೇಲೆ ಬೇಗ ನಿಲ್ಲುವುದುಂಟು. ಸಡಿಲ ಹಿಮ ಅಥವಾ ಜಲ್ಲಿಯ ಮೇಲೆ ಲಾಕ್ ಆದ ಚಕ್ರ ತನ್ನ ಮುಂದೆ ಗುಡ್ಡೆಯನ್ನು ಕೂಡಿಸಿಕೊಂಡು ತಡೆ ಹಾಕಿಕೊಳ್ಳುತ್ತದೆ; ಉರುಳುತ್ತಲೇ ಇರುವ ಚಕ್ರಕ್ಕೆ ಅದು ಆಗದು. ಹಾಗಾಗಿ ಅಂಥ ಕಡೆ ಎಬಿಎಸ್ ಇರುವ ಕಾರು ಇನ್ನೂ ದೂರ ಹೋಗಿ ನಿಲ್ಲಬಹುದು. ಎಬಿಎಸ್ ಮುಖ್ಯವಾಗಿ ಉಳಿಸಿಕೊಡುವುದು ಸ್ಟಿಯರಿಂಗನ್ನು.

ಇನ್ನು ಇಎಸ್‌ಪಿ. ಹೆಸರು ಕಂಪನಿಗೊಂದರಂತೆ ಇಎಸ್‌ಸಿ, ಡಿಎಸ್‌ಸಿ, ವಿಎಸ್‌ಸಿ ಎಂದು ಬದಲಾದರೂ ಕೆಲಸ ಒಂದೇ. ಎಬಿಎಸ್‌ನ ಸಂವೇದಕಗಳು, ಕವಾಟಗಳ ಜೊತೆಗೆ ಇದಕ್ಕೆ ಇನ್ನೆರಡು ಸಂಗತಿಗಳು ಗೊತ್ತಿರುತ್ತವೆ: ನೀವು ಸ್ಟಿಯರಿಂಗನ್ನು ಎಷ್ಟು ತಿರುಗಿಸಿದ್ದೀರಿ ಮತ್ತು ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ. ಎರಡಕ್ಕೂ ತಾಳೆಯಾಗದಿದ್ದರೆ ಕೂಡಲೇ ಕೈಹಾಕುತ್ತದೆ. ಎಡ ತಿರುವಿನಲ್ಲಿ ಕಾರಿನ ಹಿಂಭಾಗ ಬಲಕ್ಕೆ ಬೀಸಿತೆನ್ನಿ, ಅದು ಬಲಗಡೆಯ ಮುಂದಿನ ಚಕ್ರವೊಂದಕ್ಕೇ ಬ್ರೇಕ್ ಹಾಕಿ ಕಾರನ್ನು ನೇರಕ್ಕೆ ತರುತ್ತದೆ. ಅದೇ ತಿರುವಿನಲ್ಲಿ ಕಾರು ತಿರುಗದೆ ಹೊರಗಿನ ಚರಂಡಿಯತ್ತ ಹೊರಟರೆ ಎಡಗಡೆಯ ಹಿಂದಿನ ಚಕ್ರವನ್ನು ಹಿಡಿದು ಮೂತಿಯನ್ನು ಒಳಕ್ಕೆ ಎಳೆಯುತ್ತದೆ. ಜೊತೆಗೇ ಎಂಜಿನ್ನಿನ ಬಲವನ್ನೂ ತಗ್ಗಿಸುತ್ತದೆ. ಒಂದೇ ಪೆಡಲ್ ಇರುವ ಮನುಷ್ಯ ಎಂಥ ನಿಪುಣನಾದರೂ ಚಕ್ರಕ್ಕೊಂದು ಬ್ರೇಕ್ ಹಾಕಲಾರ.

ನೀವು ಬಂದಿಳಿದಿರುವ ನಾಡಿಗೂ ಈ ಯಂತ್ರಕ್ಕೂ ನಂಟಿದೆ. ನಿಮ್ಮೂರಿನಿಂದ ವಾಯವ್ಯಕ್ಕೆ ಇರುವ ಆರ್ಯೆಪ್ಲೋಗ್ ಎಂಬ ಪುಟ್ಟ ಊರಿಗೆ ಪ್ರತಿ ಚಳಿಗಾಲವೂ ಕಾರು ಕಂಪನಿಗಳ ಎಂಜಿನಿಯರುಗಳು ಬರುತ್ತಾರೆ, ಹೆಪ್ಪುಗಟ್ಟಿದ ಸರೋವರಗಳ ಮೇಲೆ ಕಾರುಗಳನ್ನು ಜಾರಿಸಿ ಪರೀಕ್ಷಿಸುತ್ತಾರೆ. ನಾಲ್ಕೂ ಚಕ್ರಗಳ ವಿದ್ಯುನ್ಮಾನ ಎಬಿಎಸ್‌ ಅನ್ನು ಬಾಷ್ ಮತ್ತು ಮರ್ಸಿಡಿಸ್ 1978ರಲ್ಲಿ ಮಾರುಕಟ್ಟೆಗೆ ತಂದವು. ಬಾಷ್‌ನಲ್ಲಿ ಆಂಟನ್ ವಾನ್ ಜಾಂಟೆನ್ ಮುಂದಾಳಾಗಿದ್ದ ತಂಡ ರೂಪಿಸಿದ ಇಎಸ್‌ಪಿ 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿನಲ್ಲಿ ಬಂತು. ಅದು ದುಬಾರಿ ಕಾರುಗಳಲ್ಲಿಯೇ ಉಳಿದುಬಿಡುತ್ತಿತ್ತೋ ಏನೋ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಟೆಕ್ನಿಕೆನ್ಸ್ ವಾರ್ಲ್ಡ್ ಪತ್ರಿಕೆಯವರು, ರಸ್ತೆಗೆ ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಅಡ್ಡ ಬಂದರೆ ತಪ್ಪಿಸುವಂತೆ ಕಾರನ್ನು ಥಟ್ಟನೆ ಎಡಕ್ಕೂ ಬಲಕ್ಕೂ ಹೊರಳಿಸುವ ಪರೀಕ್ಷೆ ಮಾಡಿದಾಗ ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ-ಕ್ಲಾಸ್ ಮಗುಚಿಬಿತ್ತು. ಕಂಪನಿ ಆ ಕಾರುಗಳಿಗೆಲ್ಲ ಇಎಸ್‌ಪಿ ಅಳವಡಿಸಿತು. ಸಣ್ಣ ಕಾರಿಗೂ ಇದು ಬೇಕು ಎಂಬ ಮಾತು ಅಲ್ಲಿಂದ ಬಲವಾಯಿತು. 2014ರ ನವೆಂಬರಿನಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಪ್ರತಿಯೊಂದು ಹೊಸ ಕಾರಿಗೂ ಅದು ಕಡ್ಡಾಯ. ನೀವು ಹಳೆಯ ಕಾರು ಕೊಳ್ಳುವುದಾದರೆ ಈ ವರ್ಷವನ್ನು ನೆನಪಿಟ್ಟುಕೊಳ್ಳಿ. ಅದಕ್ಕಿಂತ ಹಿಂದಿನದಾದರೆ ಇಎಸ್‌ಪಿ ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ. ಸಂಗೀತ, ಚರ್ಮದ ಸೀಟು ಇಲ್ಲದಿದ್ದರೆ ನಡೆಯುತ್ತದೆ. ಇದಿಲ್ಲದ ಕಾರನ್ನು ನಾನಂತೂ ಇಲ್ಲಿನ ಚಳಿಗಾಲಕ್ಕೆ ಕೊಳ್ಳಲಾರೆ.

ಟೈರಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಅದೇ. ಕಾರಿಗೂ ರಸ್ತೆಗೂ ಇರುವ ಸಂಬಂಧವೆಲ್ಲ ನಾಲ್ಕು ಅಂಗೈಯಗಲ ರಬ್ಬರು. ಬ್ರೇಕ್, ಸ್ಟಿಯರಿಂಗ್, ಇಎಸ್‌ಪಿ ಎಲ್ಲವೂ ಅಲ್ಲಿ ಸಿಗುವ ಹಿಡಿತವನ್ನು ಹಂಚಿಕೊಳ್ಳಬಲ್ಲವೇ ಹೊರತು ಇಲ್ಲದ ಹಿಡಿತವನ್ನು ತರಲಾರವು. ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದರೆ ಹನ್ನೆರಡು ಹದಿಮೂರು ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಮೂವತ್ತು ಮೀಟರು ದಾಟುತ್ತದೆ. ನುಣುಪಾದ ಮಂಜುಗಡ್ಡೆಯ ಮೇಲೆ ಹಿಡಿತದ ಅಳತೆಯಾದ ಘರ್ಷಣಾಂಕ 0.1ಕ್ಕೆ ಇಳಿದರೆ ನೂರು ಮೀಟರಿನ ಸಮೀಪ. ಇದು ಬ್ರೇಕ್ ಹಿಡಿದ ಮೇಲಿನ ದೂರ. ನೋಡಿ, ಅರಿತು, ಕಾಲು ಇಡುವ ಒಂದು ಸೆಕೆಂಡಿನಲ್ಲಿ ಆಗಲೇ ಹದಿನಾಲ್ಕು ಮೀಟರು ಹೋಗಿರುತ್ತದೆ. ತಿರುವಿನಲ್ಲಿಯೂ ಹಾಗೆಯೇ: ಒಣ ರಸ್ತೆಯಲ್ಲಿ 70ರಲ್ಲಿ ದಾಟಬಹುದಾದ ತಿರುವು, ಹಿಡಿತ ಕಾಲುಭಾಗಕ್ಕೆ ಇಳಿದಾಗ 35ಕ್ಕಿಂತ ಹೆಚ್ಚಿನ ವೇಗವನ್ನು ತಾಳದು. ಆ ಮೇರೆಯನ್ನು ಮೀರಿ ತಿರುವಿಗೆ ನುಗ್ಗಿದ ಕಾರನ್ನು ಯಾವ ಇಎಸ್‌ಪಿಯೂ ರಸ್ತೆಯ ಮೇಲೆ ಉಳಿಸದು. ಅದು ಹೆಚ್ಚೆಂದರೆ ಗಿರಗಿರ ತಿರುಗದೆ ನೆಟ್ಟಗೆ ಹೊರಗೆ ಹೋಗುವಂತೆ ಮಾಡೀತು.

ಕಾನೂನಿನ ಪ್ರಕಾರ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆಯಂಥ ಸ್ಥಿತಿ ಇದ್ದರೆ ಚಳಿಗಾಲದ ಟೈರು ಕಡ್ಡಾಯ, ಅದರ ಗೀರುಗಳ ಆಳ ಕನಿಷ್ಠ 3 ಮಿ.ಮೀ. ಇರಬೇಕು. ನೀವಿರುವ ಉತ್ತರದಲ್ಲಿ ಹಿಮ ಪಂಚಾಂಗ ನೋಡಿ ಬರುವುದಿಲ್ಲ, ಅಕ್ಟೋಬರಿನಲ್ಲಿಯೇ ಬದಲಿಸಿಬಿಡಿ. ಲೋಹದ ಮೊಳೆಗಳಿರುವ ಟೈರಿಗೆ ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಅನುಮತಿಯಿದೆ. ಉಮಿಯೊದ ಸುತ್ತಮುತ್ತ ಓಡಾಡುವವರಿಗೆ ನಾನು ಮೊಳೆ ಟೈರನ್ನೇ ಹೇಳುತ್ತೇನೆ, ಒದ್ದೆ ಮಂಜುಗಡ್ಡೆಯ ಮೇಲೆ ಅದಕ್ಕೆ ಸಾಟಿಯಿಲ್ಲ. ಯಾವುದೇ ಕೊಂಡರೂ ನಾಲ್ಕಕ್ಕೂ ಒಂದೇ ಬಗೆಯದು ಹಾಕಿಸಿ, ಎರಡು ಜೊತೆಗಳಲ್ಲಿ ಸವೆತ ಹೆಚ್ಚುಕಡಿಮೆ ಇದ್ದರೆ ಚೆನ್ನಾಗಿರುವ ಜೊತೆ ಹಿಂದಿರಲಿ. ಮುಂಭಾಗ ಜಾರಿದರೆ ನಿಮಗೆ ಗೊತ್ತಾಗುತ್ತದೆ. ಹಿಂಭಾಗ ಜಾರಿದರೆ ಗೊತ್ತಾಗುವ ಹೊತ್ತಿಗೆ ಕಾರು ಅಡ್ಡಡ್ಡ ನಿಂತಿರುತ್ತದೆ.

ಹೊಸಬರು ಮೈನಸ್ 20 ಡಿಗ್ರಿಗೆ ಹೆದರುತ್ತಾರೆ. ಹೆದರಬೇಕಾದದ್ದು ಸೊನ್ನೆಯ ಆಸುಪಾಸಿಗೆ. ಕಡುಚಳಿಯ ಮಂಜುಗಡ್ಡೆ ಒಣಗಿರುತ್ತದೆ, ಟೈರಿಗೆ ಒಂದಿಷ್ಟು ಹಿಡಿತ ಕೊಡುತ್ತದೆ. ಸೊನ್ನೆಯ ಬಳಿ ಅದರ ಮೇಲೆ ತೆಳುವಾದ ನೀರಿನ ಪದರ ಕೂತು ಎಲ್ಲಕ್ಕಿಂತ ಹೆಚ್ಚು ಜಾರುತ್ತದೆ. ಥರ್ಮಾಮೀಟರು ಪ್ಲಸ್ 2 ತೋರಿಸುತ್ತಿರುವಾಗಲೂ ಸೇತುವೆಯ ಮೇಲೆ, ಕಾಡಿನ ನೆರಳಿನಲ್ಲಿ ರಸ್ತೆ ಹೆಪ್ಪುಗಟ್ಟಿರಬಹುದು. ಕರಿ ಡಾಂಬರು ಬರೀ ಒದ್ದೆಯಾದಂತೆ ಹೊಳೆಯುತ್ತದೆ, ಅಷ್ಟೇ. ಎದುರಿನ ಕಾರಿನ ಚಕ್ರದಿಂದ ನೀರು ಚಿಮ್ಮುತ್ತಿಲ್ಲವೆಂದರೆ ಅದು ನೀರಲ್ಲ ಎಂದು ತಿಳಿಯಿರಿ. ಅಂಥ ರಸ್ತೆಯಲ್ಲಿ, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಲೇಬೇಡಿ.

ಪರವಾನಗಿಯ ವಿಚಾರ. ಭಾರತದ ಪರವಾನಗಿ ಇಲ್ಲಿ ನಿವಾಸಿಯಾಗಿ ನೋಂದಣಿಯಾದ ದಿನದಿಂದ ಒಂದು ವರ್ಷ ನಡೆಯುತ್ತದೆ. ಅದನ್ನು ಕೊಟ್ಟು ಇಲ್ಲಿನದನ್ನು ಪಡೆಯುವ ಅವಕಾಶವಿಲ್ಲ, ಮೊದಲಿನಿಂದ ಪರೀಕ್ಷೆ ಬರೆಯಬೇಕು. ಅಪಾಯ ತರಬೇತಿಯ ಎರಡು ಭಾಗಗಳು ಕಡ್ಡಾಯ: ಮೊದಲನೆಯದು ಮದ್ಯ, ಆಯಾಸ ಮುಂತಾದವು, ಎರಡನೆಯದು ನೀವು ಕೇಳಿದ ಜಾರು ಅಂಗಳ, ಹಾಲ್ಕ್‌ಬಾನಾ. ಅಲ್ಲಿ ಪಾಸು ಫೇಲು ಎಂಬುದಿಲ್ಲ, ಆದ್ದರಿಂದ ಅಳುಕದೆ ಹೋಗಿ. ವೇಗವನ್ನು ಮೆಲ್ಲಗೆ ಏರಿಸುತ್ತಾ ಜಾರುವ ನೆಲದ ಮೇಲೆ ಜೋರಾಗಿ ಬ್ರೇಕ್ ಹಾಕಿಸುತ್ತಾರೆ. 30ರಲ್ಲಿ ಕಾರು ಗುರುತಿನ ಕೋನಿನ ಬುಡದಲ್ಲಿ ನಿಂತಿತೆನ್ನಿ. ಅದೇ ಜಾಗದಿಂದ 50ರಲ್ಲಿ ಬ್ರೇಕ್ ಒತ್ತಿದರೆ ಕಾರು ಆ ಕೋನನ್ನು ಇನ್ನೂ 40ರ ವೇಗದಲ್ಲಿ ದಾಟುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುವುದರಿಂದ ಹೀಗಾಗುತ್ತದೆ. ಕಾಗದದ ಮೇಲೆ ಇದನ್ನು ಓದಿದವರೂ ಕಾರಿನೊಳಗೆ ಕುಳಿತು, ಕೋನು ಬಾನೆಟ್ಟಿನ ಕೆಳಗೆ ಮಾಯವಾಗುವುದನ್ನು ಕಂಡಾಗ ಮೌನವಾಗುತ್ತಾರೆ. ಪೆಡಲಿನ ನಡುಕಕ್ಕೆ ಕಾಲು ಒಗ್ಗುವುದೂ ಅಲ್ಲಿಯೇ. ಆಮೇಲೆ ನಿಮ್ಮ ಸ್ವಂತ ಕಾರಿನಲ್ಲಿ, ಯಾರೂ ಇಲ್ಲದ ವಿಶಾಲ ನಿಲುಗಡೆ ಜಾಗದಲ್ಲಿ ಮೊದಲ ಹಿಮ ಬಿದ್ದಾಗ ನಿಧಾನದ ವೇಗದಲ್ಲಿ ಇದನ್ನೇ ಇನ್ನೊಮ್ಮೆ ಮಾಡಿ.

ಮೂಸ್ ವಿಚಾರ ಎರಡು ಮಾತು. ಮುಂಜಾನೆ, ಮುಸ್ಸಂಜೆ ಕಾಡಿನ ಅಂಚಿನ ರಸ್ತೆಯಲ್ಲಿ ವೇಗ ತಗ್ಗಿಸಿ. ಅದರ ಕಾಲು ಎಷ್ಟು ಉದ್ದವೆಂದರೆ ಢಿಕ್ಕಿಯಾದಾಗ ಭಾರಿ ಮೈ ನೇರವಾಗಿ ಮುಂಗಾಜಿನ ಮೇಲೆ ಬರುತ್ತದೆ. ಕಂಡೊಡನೆ ಪೂರ್ತಿ ಬ್ರೇಕ್ ಒತ್ತಿ, ತಪ್ಪಿಸಲು ಜಾಗವಿದ್ದರೆ ಅದರ ಹಿಂಭಾಗದ ಕಡೆಗೆ ತಿರುಗಿಸಿ, ಅದು ಮುಂದಕ್ಕೇ ಓಡುವುದು ಹೆಚ್ಚು. ಒಂದೇ ಹೊತ್ತಿಗೆ ಬ್ರೇಕನ್ನೂ ಸ್ಟಿಯರಿಂಗನ್ನೂ ಬಳಸಲು ಸಾಧ್ಯವಾಗುವುದು ಎಬಿಎಸ್ ಇರುವುದರಿಂದಲೇ. ತಾಗಿದರೆ ಪ್ರಾಣಿ ಓಡಿಹೋದರೂ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸುವುದು ಕಾನೂನು.

ಕಾರು ನೋಡಲು ಹೋದಾಗ ಕೀಲಿ ತಿರುಗಿಸಿ ಫಲಕವನ್ನು ಗಮನಿಸಿ. ಎಬಿಎಸ್ ಎಂದು ಬರೆದ ಹಳದಿ ದೀಪ, ಜಾರುವ ಕಾರಿನ ಚಿತ್ರದ ಹಳದಿ ದೀಪ, ಎರಡೂ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೆ ಯಾರೋ ದೀಪವನ್ನೇ ಕಿತ್ತು ದೋಷವನ್ನು ಮುಚ್ಚಿರಬಹುದು. ಓಡಿಸುವಾಗ ಎರಡನೆಯ ದೀಪ ಮಿನುಗಿದರೆ ಇಎಸ್‌ಪಿ ಕೆಲಸ ಮಾಡುತ್ತಿದೆ, ನಿಮ್ಮ ವೇಗ ಹೆಚ್ಚಾಯಿತು ಎಂದರ್ಥ. ಎಬಿಎಸ್ ದೀಪ ಆರದೆ ಉಳಿದರೆ ಸಾಮಾನ್ಯ ಬ್ರೇಕ್ ಮಾತ್ರ ಇದೆ, ಚಕ್ರ ಲಾಕ್ ಆಗಬಹುದು. ಇಎಸ್‌ಪಿಯೂ ಅದರೊಂದಿಗೇ ನಿಂತಿರುತ್ತದೆ. ಹಾಗಿರುವ ಕಾರು ಕಡ್ಡಾಯ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಕೆಂಪು ಬ್ರೇಕ್ ದೀಪ ಹೊತ್ತಿದರೆ ಮುಂದೆ ಓಡಿಸಲೇಬೇಡಿ. ಹಿಮದಲ್ಲಿ ಹೂತು ಚಕ್ರ ಕದಲದಿದ್ದಾಗ ಮಾತ್ರ ಬಟನ್ ಒತ್ತಿ ಇಎಸ್‌ಪಿಯನ್ನು ನಿಲ್ಲಿಸಿ, ಕಾರನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಹೊರತನ್ನಿ, ಬಂದ ಕೂಡಲೇ ಮತ್ತೆ ಹಾಕಿ.

ಇಲ್ಲಿನ ರಸ್ತೆಗಳ ಉಪ್ಪು, ಕೆಸರು ಈ ವ್ಯವಸ್ಥೆಗಳ ಶತ್ರು. ಸಂವೇದಕ ಓದುವ ಹಲ್ಲಿನ ಬಳೆ ತುಕ್ಕು ಹಿಡಿದು ಸೀಳಿದರೆ ವೇಗದ ಲೆಕ್ಕ ತಪ್ಪುತ್ತದೆ. ಒಣ ರಸ್ತೆಯಲ್ಲಿ, ಕಾರು ಇನ್ನೇನು ನಿಲ್ಲುವ ಹೊತ್ತಿಗೆ ಕಾರಣವಿಲ್ಲದೆ ಪೆಡಲ್ ಗರಗರ ಅಂದರೆ ಅದನ್ನು ಸಂಶಯಿಸಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಿದ ದಾಖಲೆ ಇದೆಯೇ ಎಂದು ಮಾಲೀಕರನ್ನು ಕೇಳಿ. ಮುಂಗಡ ಕೊಡುವ ಮುನ್ನ ಕಾರಿನ ನೋಂದಣಿ ಸಂಖ್ಯೆಯನ್ನು ನನಗೆ ಕಳುಹಿಸಿ; ಸಾರಿಗೆ ಇಲಾಖೆಯ ತಾಣದಲ್ಲಿ ಕೊನೆಯ ತಪಾಸಣೆ ಯಾವಾಗ ಆಗಿದೆ ಎಂದು ಇಬ್ಬರೂ ಸೇರಿ ನೋಡೋಣ.